ಕುಸುರೆಳ್ಳಿನ ಬಳೆ, ಹುಣಸೆಬೀಜದ ಡಬ್ಬಿ

ಖಾಲಿ ಡಬ್ಬಿ ಕೈಗೆ ಸಿಕ್ಕರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ನನ್ನ ಚಟ. ಖಾಲಿ ಎಂದು ಗೊತ್ತಿರುತ್ತದೆ, ಆದರೂ ಅಲ್ಲಾಡಿಸುತ್ತೇನೆ. ಕಿರಾಣಿ ಅಂಗಡಿಯಲ್ಲಿ ಅಲ್ಲಾಡಿಸಿದ್ದೇನೆ, ಔಷಧಿ ಅಂಗಡಿಯಲ್ಲಿ ಅಲ್ಲಾಡಿಸಿದ್ದೇನೆ, ಒಮ್ಮೆ ಹೆಣ್ಣು ನೋಡಲು ಹೋದವರ ಜೊತೆಗೆ ಹೋಗಿ, ಹೆಣ್ಣಿನ ಮನೆಯ ಷೋಕೇಸಿನಲ್ಲಿದ್ದ ಬೆಳ್ಳಿ ಕುಂಕುಮದ ಭರಣಿಯನ್ನೂ ಅಲ್ಲಾಡಿಸಿ ಮಾನ ಕಳೆದುಕೊಂಡಿದ್ದೇನೆ. ಬೆಳ್ಳಿ ಗಟ್ಟಿಯೋ ಟೊಳ್ಳೋ ಎಂದು ಪರೀಕ್ಷೆ ಮಾಡುತ್ತಿದ್ದೇನೆ ಎಂದು ಆ ಮನೆಯವರು ತಿಳಿದುಕೊಂಡರು. ಸಂಬಂಧ ಕುದುರಲಿಲ್ಲ.

ಮೊನ್ನೆ ನಮ್ಮ ಬಿಲ್ಡಿಂಗಿನ ಎರಡನೆಯ ಮಹಡಿಯ ಹುಡುಗಿ, ಎರಡು ವರ್ಷದ ಮಗುವಿನ ತಾಯಿ, ಒಂದು ಚೀಟಿ ಹಿಡಿದುಕೊಂಡು ಬಂದಳು. ಮಗುವಿನ ಶಾಲೆಯವರು ಕೊಟ್ಟದ್ದಂತೆ. ಮಗುವಿನ ಕೈಗೆ, ಕಣ್ಣಿಗೆ, ಕಿವಿಗೆ ಕೆಲಸ ಕೊಡುವ ಆಟಗಳನ್ನು ಮನೆಯಲ್ಲಿರುವ ಸಾಮಾನಿನಿಂದಲೇ ಮಾಡಿಸಬೇಕು ಎಂದು ಅದರಲ್ಲಿ ಬರೆದಿತ್ತು.

“ಆಂಟಿ, ಡಬ್ಬಾದಲ್ಲಿ ರೈಸ್ ಹಾಕ್ಬೇಕಾ, ದಾಲ್ ಹಾಕ್ಬೇಕಾ? ಮುಝೆ ತೋ ಕುಛ್ ಸಮಝ್ ಮೇ ನಹೀ ಆತಾ” ಎಂದಳು, ಏನೂ ಅರ್ಥವಾಗದವಳ ಹಾಗೆ.

“ಹುಣಸೆಬೀಜ ಹಾಕು” ಎಂದೆ.

“ವೋ ಕ್ಯಾ ಹೋತಾ ಹೈ?” ಎಂದಳು. ಪಾಪ, ಅವರ ಮನೆಗೆ ಹುಣಸೆಹಣ್ಣು ಬೀಜ ಬಿಡಿಸಿಕೊಂಡೇ ಬರುತ್ತದೆ. ಒಂದು ಹಿಡಿ ಕಟ್ಟಿಕೊಟ್ಟು ಕಳಿಸಿದೆ. ಅವಳು ಹೋದ ಮೇಲೆ ಮಾಡಬೇಕಾದ ಕೆಲಸ ಬೇಕಾದಷ್ಟಿದ್ದರೂ ಸುಮ್ಮನೆ ಕುಳಿತುಬಿಟ್ಟೆ. ನನಗೆ ಇಂಥ ಚೀಟಿ ಯಾರೂ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಎಷ್ಟು ಅವಮಾನ ತಪ್ಪುತ್ತಿತ್ತು ಎಂದುಕೊಂಡೆ.

ಧಾರವಾಡದಿಂದ ಮದುವೆಯಾಗಿ ಮುಂಬಯಿಗೆ ಬಂದಾಗ ನನಗೆ ಹತ್ತೊಂಬತ್ತು. ಐವತ್ತರ ದಶಕದ ನಡುವಿನ ಮಾತು. ಇವರದು ಎರಡನೆಯ ಸಂಬಂಧ. ಮೊದಲನೆಯವಳು ಗಂಗಾ, ವಿಜಾಪುರದವಳು, ಮಗಳಿಗೆ ಹತ್ತು ತಿಂಗಳಿರುವಾಗ ಜ್ವರ ಬಂದು ತೀರಿಹೋಗಿದ್ದಳು. ಆ ಮಗು ವತ್ಸಲಾ, ಎಲ್ಲರ ಬಾಯಲ್ಲಿ ವಚ್ಚಿ, ಅಲ್ಲಿಂದ ಮುಂದೆ ಎರಡು ವರ್ಷ ತುಂಬುವವರೆಗೆ ವಿಜಾಪುರದ ಅಜ್ಜಿಯ, ಗಂಗಾಳ ತಾಯಿಯ, ಹತ್ತಿರ ಬೆಳೆದಿತ್ತು. ಮದುವೆಯಾದ ಮೇಲೆ ನಾವು ಹೋಗಿ ಮಗುವನ್ನು ಕರೆದುಕೊಂಡು ಬಂದೆವು. ಅಜ್ಜಿ ತಡೆಯಲಿಲ್ಲ. ಮಗುವಿನ ಅಂಗಿಗಳನ್ನು ಒಂದೊಂದಾಗಿ ಮಡಿಸಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟು ಹೇಳಿದಳು:

“ಸಂಕ್ರಾಂತಿಗೆ ಬರ್ತೀನಿ ತಂಗಿ. ಕೂಸು ನಿನ್ನ ಹಚಿಗೊಂಡಿದ್ರ ನಾ ಸುಮ್ಮನ ಹೊಳ್ಳಿ ಬರ್ತೀನಿ. ಹಚಿಗೊಂಡಿಲ್ಲಂದ್ರ ಕರಕೊಂಡು ಬರ್ತೀನಿ. ಸಿಟ್ಟಾಗಬ್ಯಾಡ. ನನ್ನ ಕಡೆ ಇರೂದು ಇದೊಂದ ಐತಿ.”

ಸಂಕ್ರಾಂತಿಗೆ ಏಳು ತಿಂಗಳಿತ್ತು. ಏಳು ತಿಂಗಳಲ್ಲಿ ಒಂದು ಮಗುವನ್ನು ಒಲಿಸಿಕೊಳ್ಳುವುದು ಏನು ದೊಡ್ಡ ಮಾತು ಎಂದು ನನ್ನ ಧಿಮಾಕು. ಧಾರವಾಡದ ಓಣಿಯಲ್ಲಿ ನನ್ನ ಕಂಕುಳಿಗೆ ಹತ್ತದ ಕೂಸೇ ಇರಲಿಲ್ಲ. ನಿಜ ಹೇಳಬೇಕೆಂದರೆ ಆಗ ನನಗೆ ವಚ್ಚಿಗಿಂತ ನನ್ನ ಮರ್ಯಾದೆಯದೇ ಚಿಂತೆ. ಮಗುವನ್ನು ಅಜ್ಜಿ ವಾಪಸು ಕರೆದುಕೊಂಡು ಹೋದಳೆಂದರೆ ಧಾರವಾಡದಲ್ಲಿ ಜನ ಏನೆಂದಾರು? ಮಲತಾಯಿ ಮಲತಾಯಿಯೇ ಎಂದು ಬಿಟ್ಟಾರು. ಆ ಮಾತಿಗೆ ಹೆದರಿ ನಾನು ವಚ್ಚಿಯ ಹಿಂದೆ ಬಿದ್ದೆ.

ವಚ್ಚಿ ನನ್ನಿಂದ ಮೂರು ಮಾರು ದೂರದಲ್ಲಿ ಕೂರುತ್ತಿದ್ದಳು. ನಮ್ಮದು ವಿಕ್ರೋಳಿಯ ಒಂದು ಚಾಳು, ಒಂದೂವರೆ ಖೋಲಿ. ಆ ಖೋಲಿಯಲ್ಲಿ ಮೂರು ಮಾರು ದೂರ ಎಂದರೆ ಗೋಡೆಗೆ ಒತ್ತಿಕೊಂಡೇ ಕೂರಬೇಕು. ಹಾಗೆಯೇ ಕೂರುತ್ತಿದ್ದಳು. ಆಗಿನ ವಿಕ್ರೋಳಿ ಈಗಿನದಲ್ಲ. ಇವರು ಫಿಟ್ಟರ್ ಆಗಿದ್ದ ಹೊಸ ಕಾರ್ಖಾನೆ, ಒಂದಷ್ಟು ಚಾಳು, ಆಳೆತ್ತರದ ಹುಲ್ಲು, ಅದರಾಚೆ ಉಪ್ಪಿನ ಗದ್ದೆ, ಸಮುದ್ರ ಒಳನುಗ್ಗಿದ ಖಾಡಿಯ ನೀರು. ಹುಲ್ಲಿನಲ್ಲಿ ಹಾವಿರುತ್ತವೆ ಎಂದು ಇವರು ಕೆಲಸಕ್ಕೆ ಹೋಗುವಾಗ ದಾರಿಯುದ್ದಕ್ಕೂ ಚಪ್ಪಲಿ ಬಡಿದುಕೊಂಡು ಹೋಗುತ್ತಿದ್ದರು. ಮಗುವನ್ನು ಹೊರಗೆ ಬಿಡುವ ಹಾಗಿರಲಿಲ್ಲ. ಆಟವೇನಿದ್ದರೂ ಆ ಒಂದೂವರೆ ಖೋಲಿಯಲ್ಲೇ ನಡೆಯಬೇಕು.

ಮೊದಲು ಡಬ್ಬಿಗಳು. ಪೌಡರಿನ ಡಬ್ಬಿ, ಬಿಸ್ಕೀಟಿನ ಡಬ್ಬಿ, ಪಕ್ಕದ ಮನೆಯವರಿಂದ ಬೇಡಿ ತಂದ ಕಾಫಿಪುಡಿಯ ಡಬ್ಬಿ, ಒಟ್ಟು ಐದು ಕೂಡಿಸಿದೆ. ಒಂದರಲ್ಲಿ ಹುಣಸೆಬೀಜ, ಒಂದರಲ್ಲಿ ಸಾಸಿವೆ, ಒಂದರಲ್ಲಿ ಜೋಳ, ಒಂದರಲ್ಲಿ ಹರಳು ಹಾಕಿ ಬಟ್ಟೆಯಿಂದ ಬಾಯಿ ಕಟ್ಟಿದೆ. ಐದನೆಯದಕ್ಕೆ ಏನೂ ತೋಚದೆ ಖಾಲಿ ಬಿಟ್ಟೆ. ವಚ್ಚಿ ಗೋಡೆ ಬಿಟ್ಟು ಕದಲದೆ, ಕೈ ಮಾತ್ರ ಮುಂದೆ ಚಾಚಿ, ಒಂದೊಂದನ್ನೇ ಎಳೆದುಕೊಂಡು ಅಲ್ಲಾಡಿಸಿದಳು. ಸದ್ದು ಬಂದದ್ದನ್ನು ಕೆಳಗಿಟ್ಟಳು. ಖಾಲಿಯದನ್ನು ಮಾತ್ರ ಕಿವಿಗೆ ಒತ್ತಿಕೊಂಡು ಮತ್ತೆ ಮತ್ತೆ ಅಲ್ಲಾಡಿಸಿದಳು. ಅದರಲ್ಲಿ ಅವಳಿಗೆ ಏನು ಕೇಳಿಸುತ್ತಿತ್ತೋ ದೇವರಿಗೇ ಗೊತ್ತು. ಕೇಳಲು ನಾನೂ ಅಲ್ಲಾಡಿಸಿ ನೋಡಿದೆ. ಅಂದು ಹತ್ತಿದ ಚಟ ಇಂದಿಗೂ ಬಿಟ್ಟಿಲ್ಲ.

ಸಂಜೆ ಇವರು ಬಂದು ಎರಡೂ ಕಿವಿ ಮುಚ್ಚಿಕೊಂಡರು. “ಕಾರ್ಖಾನ್ಯಾಗ ಮಷೀನ್ ಸಪ್ಪಳ ಸಾಕಾಗಿ ಮನೀಗೆ ಬಂದ್ರ ಇಲ್ಲಿ ಇನ್ನೊಂದು ಕಾರ್ಖಾನಿ ಹೂಡೀರೇನು?”

ಆ ಡಬ್ಬಿಗಳಿಂದ ನನಗೆ ಆದ ಲಾಭ ಒಂದೇ. ಆ ಮನೆಯಲ್ಲಿ ನನಗೊಂದು ಹೆಸರು ಬಂತು. ‘ಅವ್ವಾ ಅನ್ನು’ ಎಂದು ಇವರು ಎಷ್ಟು ಹೇಳಿಕೊಟ್ಟರೂ ಬಾಯಿ ಬಿಡದ ವಚ್ಚಿ, ನಾಲ್ಕು ದಿನಕ್ಕೆ ನನ್ನನ್ನು ‘ಡಬ್ಬಿ’ ಎಂದು ಕರೆಯತೊಡಗಿದಳು. ಡಬ್ಬಿ ಹಾಲು ಕೊಡು, ಡಬ್ಬಿ ಬ್ಯಾಡ, ಡಬ್ಬಿ ಹೋಗು. ಚಾಳಿನ ಮಕ್ಕಳೆಲ್ಲ ಅದನ್ನೇ ಕಲಿತವು. ಮಕ್ಕಳಿಂದ ದೊಡ್ಡವರು ಕಲಿತರು. ಹಾಲಿನ ಭಯ್ಯಾ ಕೂಡ ಒಮ್ಮೆ ಬಾಯಿತಪ್ಪಿ ‘ಡಬ್ಬಿ ಭಾಭಿ’ ಎಂದು ನಾಲಗೆ ಕಚ್ಚಿಕೊಂಡ.

ಡಬ್ಬಿಗಳ ನಂತರ ಕಡ್ಡಿಪೆಟ್ಟಿಗೆಯ ಲೋಕಲ್. ಎಂಟು ಕಡ್ಡಿಪೆಟ್ಟಿಗೆಗಳನ್ನು ದಾರದಲ್ಲಿ ಪೋಣಿಸಿ, ಪ್ರತಿ ಡಬ್ಬಕ್ಕೂ ಒಂದೊಂದು ಕಡಲೆಕಾಳು ಪ್ಯಾಸೆಂಜರ್ ಕೂರಿಸಿ, “ಘಾಟಕೋಪರ್... ವಿಕ್ರೋಳಿ...” ಎಂದು ಕೂಗುತ್ತಾ ನೆಲದ ಮೇಲೆ ಎಳೆದೆ. ವಚ್ಚಿ ನೋಡಿದಳು. ಗಾಡಿ ಅವಳ ಹತ್ತಿರ ಬಂದಾಗ ಬಗ್ಗಿ ಪ್ಯಾಸೆಂಜರುಗಳನ್ನೆಲ್ಲ ತಿಂದುಬಿಟ್ಟು ಮತ್ತೆ ಗೋಡೆಗೆ ಒರಗಿದಳು. ಖಾಲಿ ಗಾಡಿಯನ್ನು ನಾನೇ ಮೊಣಕಾಲೂರಿ ವಾಪಸು ಎಳೆದುಕೊಂಡು ಬಂದೆ.

ಆಮೇಲೆ ಕಣಕದ ಗುಬ್ಬಿ. ಇದು ನನ್ನ ಅವ್ವ ನಮಗೆ ಮಾಡಿಕೊಡುತ್ತಿದ್ದದ್ದು. ಚಪಾತಿಯ ಕಣಕದಲ್ಲಿ ಒಂದು ಗುಬ್ಬಿ ಮಾಡಿ, ಮೆಣಸಿನಕಾಳಿನ ಕಣ್ಣಿಟ್ಟು, ಕೆಂಡದ ಮೇಲೆ ಸುಟ್ಟು ಕೊಟ್ಟರೆ ನಾವು ಅರ್ಧ ದಿನ ಆಡಿ, ಕೊನೆಗೆ ತಿಂದು ಮುಗಿಸುತ್ತಿದ್ದೆವು. ನನ್ನ ಕೈಯಲ್ಲಿ ಗುಬ್ಬಿಗೆ ಬಾಲ ಉದ್ದವಾಗಿ ಹೆಗ್ಗಣವಾಯಿತು. ಆಗಲಿ, ನೀನೇ ಮಾಡು ಎಂದು ವಚ್ಚಿಯ ಅಂಗೈಗೆ ಒಂದಿಷ್ಟು ಹಸಿ ಕಣಕ ಇಟ್ಟೆ. ಅವಳ ಮುಖ ಬಾಡಿತು. ಹತ್ತೂ ಬೆರಳು ಅಗಲ ಮಾಡಿ, ಎರಡೂ ಕೈ ಮೇಲೆತ್ತಿ, ಚಾಳೆಲ್ಲ ಕೂಡುವ ಹಾಗೆ ಕಿರುಚಿದಳು. ಚೇಳು ಕಡಿಯಿತೆಂದು ಅಕ್ಕಪಕ್ಕದವರು ಓಡಿಬಂದರು. ಕೈಗೆ ಅಂಟಿದ್ದು ಕಣಕ ಎಂದು ಹೇಳಲು ನನಗೇ ನಾಚಿಕೆಯಾಯಿತು. ಅವಳ ಕೈ ಹಿಡಿದು ಸೆರಗಿನಿಂದ ಒಂದೊಂದೇ ಬೆರಳು ಒರೆಸಿದೆ. ಒರೆಸಿದ ಮೇಲೆ ಅಳು ನಿಂತಿತು, ವಚ್ಚಿ ಗೋಡೆಗೆ ಹೋದಳು.

ಆಗ ತಿಳಿಯಿತು, ಈ ಮಗುವಿಗೆ ಅಂಟು ಎಂದರೆ ಆಗುವುದಿಲ್ಲ. ಬೆಲ್ಲ ಬೇಕು, ಕೈಗೆ ಹತ್ತಬಾರದು. ಅನ್ನ ಬೇಕು, ಮೊಸರು ಬೆರಳಿಗೆ ಬರಬಾರದು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಇವಳ ಮುಂದೆ ನಡೆಯುತ್ತಿರಲಿಲ್ಲ. ಬುದ್ಧಿವಂತಳಾದರೆ ಅಲ್ಲಿಗೆ ಬಿಡಬೇಕಿತ್ತು. ನಾನು ಬಿಡಲಿಲ್ಲ. ಅಂಟದ ಆಟ ಹುಡುಕುತ್ತೇನೆ ಎಂದು ಹೊರಟು ಪ್ರತಿ ಸಲವೂ ಎಲ್ಲೋ ಒಂದು ಕಡೆ ಅಂಟಿಸುತ್ತಿದ್ದೆ. ಬಣ್ಣದ ಕಾಗದದ ಗಿರಗಟ್ಟಲೆ ಮಾಡಿದರೆ ಕಾಗದ ಅಂಟಿಸಿದ ಗೋದಿಹಿಟ್ಟಿನ ಸರಿ ಹಸಿಯಾಗಿ ಬೆರಳಿಗೆ ಹತ್ತಿತು. ಬೆಂಡೆಕಾಯಿ ಕೊಯ್ದು ಅರಿಶಿನದಲ್ಲಿ ಅದ್ದಿ ಹೂವಿನ ಮುದ್ರೆ ಒತ್ತಿಸಿದರೆ ಬೆಂಡೆಯ ಲೋಳೆ ಹತ್ತಿತು. ಪ್ರತಿ ಸಲವೂ ಕಿರುಚಾಟ, ಪ್ರತಿ ಸಲವೂ ನಾನು ಹೆಬ್ಬೆರಳಿನಿಂದ ಶುರುಮಾಡಿ ಕಿರುಬೆರಳಿನವರೆಗೆ ಒರೆಸುವುದು, ಆಮೇಲೆ ಮತ್ತೆ ಗೋಡೆ. ನನ್ನ ಸೀರೆಗಳ ಸೆರಗು ಯಾವುದೂ ನೆಟ್ಟಗೆ ಉಳಿಯಲಿಲ್ಲ.

ಪಕ್ಕದ ಖೋಲಿಯ ಸೀತಕ್ಕ ಉಡುಪಿಯ ಕಡೆಯವರು. ಅವರ ಗಂಡ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರು. ಸೀತಕ್ಕ ಒಂದು ದಿನ ಎಲ್ಲಿಂದಲೋ ತೆಂಗಿನ ಗರಿ ತಂದು, ನಮ್ಮ ಹೊಸ್ತಿಲ ಮೇಲೆ ಕುಳಿತು, ಮಾತನಾಡುತ್ತಲೇ ಒಂದು ಪೀಪಿ, ಒಂದು ಹಾವು, ಒಂದು ಕೈಗಡಿಯಾರ ಮಾಡಿಬಿಟ್ಟರು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ವಚ್ಚಿ ಅವರ ತೊಡೆಯ ಮೇಲಿದ್ದಳು. ಗಡಿಯಾರ ಕಟ್ಟಿಸಿಕೊಂಡಳು, ಪೀಪಿ ಊದಿದಳು, ಅವರ ಮೂಗುತಿಯನ್ನೂ ಎಳೆದಳು. ನಾನು ಐದು ತಿಂಗಳಿನಿಂದ ಕಾದದ್ದು ಅವರಿಗೆ ಐದು ನಿಮಿಷದಲ್ಲಿ ಸಿಕ್ಕಿತು. ಹೊಟ್ಟೆಕಿಚ್ಚು ತಡೆಯಲಾರದೆ ನಾನು, “ತೆಂಗಿನಗರಿ ನಮ್ಮ ಕಡೆ ಸಿಗಂಗಿಲ್ಲರೀ, ಇಲ್ಲಂದ್ರ ನಾನೂ ಮಾಡ್ತಿದ್ದೆ” ಎಂದೆ.

ಸೀತಕ್ಕ ನಕ್ಕರು. “ಗರಿದು ಎಂತ ಉಂಟು ಮಾರಾಯ್ತಿ? ನಾನು ಸುಮ್ಮನೆ ಕೂತೆ, ಅದು ಬಂತು. ನೀನು ಅದರ ಬೆನ್ನು ಹತ್ತಿ ಓಡ್ತೀ, ಅದು ಓಡ್ತದೆ. ಸ್ವಲ್ಪ ಸುಮ್ನಿರು ನೋಡುವ.”

ಸುಮ್ಮನಿರುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಆದರೆ ಅವರ ಮಾತು ಮನಸ್ಸಿನಲ್ಲಿ ಉಳಿಯಿತು. ಅಷ್ಟರಲ್ಲಿ ಡಿಸೆಂಬರ್ ಬಂದಿತ್ತು, ಸಂಕ್ರಾಂತಿ ಎದುರಿಗೆ ಇತ್ತು. ನಮ್ಮ ಕಡೆ ಸಂಕ್ರಾಂತಿಯ ಮರುದಿನ ಸಣ್ಣ ಮಕ್ಕಳಿಗೆ ಕರಿ ಎರೆಯುತ್ತಾರೆ. ಮಗುವನ್ನು ಮಣೆಯ ಮೇಲೆ ಕೂರಿಸಿ, ಚುರುಮುರಿ, ಬಾರಿಹಣ್ಣು, ಕಬ್ಬಿನ ತುಂಡು, ಸಕ್ಕರೆ ಕಟ್ಟಿದ ಕುಸುರೆಳ್ಳು ಎಲ್ಲ ಕೂಡಿಸಿ ತಲೆಯ ಮೇಲಿಂದ ಸುರಿಯುವುದು. ಸುತ್ತಲಿನ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುತ್ತವೆ. ಮುಂಬಯಿಯ ಮರಾಠಿ ಜನರಲ್ಲೂ ಈ ಪದ್ಧತಿ ಇದೆ. ಅವರು ಮಗುವಿಗೆ ಕರಿ ಅಂಗಿ ಹಾಕಿ, ಕುಸುರೆಳ್ಳಿನಿಂದಲೇ ಒಡವೆ ಮಾಡಿ ತೊಡಿಸುತ್ತಾರೆ. ಕಿರೀಟ, ಬಳೆ, ಸರ, ಸೊಂಟಪಟ್ಟಿ, ಎಲ್ಲವೂ ಸಕ್ಕರೆಯವು. ನಾನೂ ಮಾಡುತ್ತೇನೆ ಎಂದುಕೊಂಡೆ. ಅಜ್ಜಿ ಬರುತ್ತಾಳೆ, ಮಗು ನನ್ನ ತೊಡೆಗೆ ಬರದಿದ್ದರೂ ನನ್ನ ಕೈಯ ಒಡವೆಯನ್ನಾದರೂ ತೊಟ್ಟಿರಲಿ ಎಂಬ ಆಸೆ.

ಕುಸುರೆಳ್ಳು ಮಾಡುವುದು ಗಡಿಬಿಡಿಯವರ ಕೆಲಸವಲ್ಲ. ಇದ್ದಿಲಿನ ಶೇಗಡಿಯಲ್ಲಿ ಸಣ್ಣ ಕೆಂಡ, ಅದರ ಮೇಲೆ ಹಿತ್ತಾಳೆಯ ಅಗಲ ಪರಾತ, ಪರಾತದಲ್ಲಿ ಎಳ್ಳು. ಸಕ್ಕರೆ ಪಾಕವನ್ನು ಚಮಚೆಯಿಂದ ಒಂದೊಂದೇ ಹನಿ ಬಿಟ್ಟು, ಬೆರಳ ತುದಿಯಿಂದ ಮೆಲ್ಲಗೆ ಆಡಿಸುತ್ತಾ ಕೂರಬೇಕು. ದಿನಕ್ಕೆ ಎರಡು ತಾಸು, ನಾಲ್ಕೈದು ದಿನ. ಅಷ್ಟಾದ ಮೇಲೆ ಎಳ್ಳಿನ ಮೇಲೆ ಬಿಳಿಯ ಮುಳ್ಳು ಏಳುತ್ತದೆ. ಎದ್ದು ಓಡಾಡುವ ಹಾಗಿಲ್ಲ, ಮಗುವಿನ ಬೆನ್ನು ಹತ್ತುವ ಹಾಗಂತೂ ಇಲ್ಲವೇ ಇಲ್ಲ. ಹೀಗೆ ಆ ಕೆಲಸವೇ ನನ್ನನ್ನು ಹಿಡಿದು ಕೂರಿಸಿತು.

ಎರಡನೆಯ ದಿನ ವಚ್ಚಿ ಗೋಡೆ ಬಿಟ್ಟು ಒಂದು ಗೇಣು ಮುಂದೆ ಬಂದಳು. ಐದನೆಯ ದಿನ ಪರಾತದ ಪಕ್ಕಕ್ಕೇ ಬಂದಳು. ನಾನು ಅವಳ ಕಡೆ ನೋಡಲಿಲ್ಲ. ನೋಡಿದರೆ ಹೋಗುತ್ತಾಳೆಂದು ಭಯ. ಆರಿದ ಕಾಳನ್ನು ಒಂದು ತಾಟಿನಲ್ಲಿ ಹಾಕಿ ಅವಳ ಕಡೆ ಸರಿಸಿದೆ. ಮೊದಲು ಒಂದು ಬೆರಳು ಇಟ್ಟಳು. ಒಣಗಿದ್ದು, ಬೆಚ್ಚಗಿದ್ದದ್ದು, ಮುಳ್ಳು ಮುಳ್ಳಾದದ್ದು, ಕೈಗೆ ಹತ್ತದ್ದು. ಐದೂ ಬೆರಳು ಇಟ್ಟಳು. ಮುಷ್ಟಿ ತುಂಬಿ ಎತ್ತಿ, ಸುರಿದು, ಮತ್ತೆ ಎತ್ತಿದಳು. ಬರಬರ ಎಂದು ಬೀಳುವ ಸದ್ದು ಕೇಳಿ ನಕ್ಕಳು. ನನ್ನ ಪಕ್ಕದಲ್ಲಿ ಕುಳಿತು ಆ ಮಗು ನಕ್ಕದ್ದು ಅದೇ ಮೊದಲು. ನನಗೆ ಪಾಕ ಬಿಡುವುದು ಮರೆತು ಹೋಯಿತು. ಆ ಹೊತ್ತಿನಲ್ಲಿ ಧಾರವಾಡದ ಜನರೂ ನೆನಪಾಗಲಿಲ್ಲ, ನನ್ನ ಮರ್ಯಾದೆಯೂ ನೆನಪಾಗಲಿಲ್ಲ. ಈ ಮಗು ನನ್ನ ಹತ್ತಿರ ಇರಬೇಕು, ಅಷ್ಟೇ ಅನಿಸಿತು. ಎಷ್ಟು ಬೇಕೆನಿಸಿತೆಂದರೆ ಹೆದರಿಕೆಯಾಯಿತು.

ಇಲ್ಲಿಗೆ ಸುಮ್ಮನಾಗಿದ್ದರೆ ಕತೆ ಬೇರೆಯೇ ಆಗುತ್ತಿತ್ತು. ಆದರೆ ನಾನು ಧಾರವಾಡದವಳು. ಒಂದೊಂದೇ ಕಾಳನ್ನು ದಾರಕ್ಕೆ ಗಂಟು ಹಾಕಿ, ಸಂಕ್ರಾಂತಿಗೆ ಇನ್ನೂ ಹತ್ತು ದಿನ ಇರುವಾಗಲೇ ಒಡವೆಗಳನ್ನೆಲ್ಲ ಮುಗಿಸಿದೆ. ಮುಗಿಸಿ, ಬುಟ್ಟಿಯಲ್ಲಿಟ್ಟು, ಕಿಟಕಿಯಲ್ಲಿ ಇಟ್ಟೆ. ನಮ್ಮೂರಿನಲ್ಲಿ ಹಾಗೆಯೇ. ಕುಸುರೆಳ್ಳಿಗೆ ಚಳಿ ಬಿದ್ದಷ್ಟೂ ಮುಳ್ಳು ಗಟ್ಟಿ ಎಂದು ಅವ್ವ ರಾತ್ರಿಯೆಲ್ಲ ಕಿಟಕಿಯಲ್ಲಿಟ್ಟು ಚಳಿ ಕುಡಿಸುತ್ತಿದ್ದಳು.

ಸೀತಕ್ಕ ನೋಡಿ ಹೇಳಿದರು: “ಇದೆಂತ ಮಾರಾಯ್ತಿ? ಇಲ್ಲಿಯ ಗಾಳಿಯಲ್ಲಿ ನೀರುಂಟು. ಆಚೆ ಖಾಡಿ, ಉಪ್ಪಿನ ಗದ್ದೆ. ಹಪ್ಪಳ ಹೊರಗಿಟ್ರೆ ನನ್ನದೇ ಮೆತ್ತಗಾಗ್ತದೆ. ಡಬ್ಬಿಯೊಳಗೆ ಹಾಕಿ ಮುಚ್ಚಿಡು.”

ಮನೆಯ ಡಬ್ಬಿಗಳೆಲ್ಲ ವಚ್ಚಿಯ ಆಸ್ತಿಯಾಗಿದ್ದವು. ಒಂದರಲ್ಲಿ ಹುಣಸೆಬೀಜ, ಒಂದರಲ್ಲಿ ಸಾಸಿವೆ. ಖಾಲಿಯದನ್ನು ಅವಳು ಮಲಗುವಾಗಲೂ ಬಿಡುತ್ತಿರಲಿಲ್ಲ. ಅದೂ ಅಲ್ಲದೆ, ಧಾರವಾಡದವಳಿಗೆ ಉಡುಪಿಯವರು ಕುಸುರೆಳ್ಳು ಕಲಿಸುವುದೆಂದರೇನು? “ಚಳಿ ಬೀಳಲಿ ಬಿಡ್ರೀ” ಎಂದೆ.

ಸಂಕ್ರಾಂತಿಯ ದಿನ ಅಜ್ಜಿ ಬಂದಳು. ಕೈಯಲ್ಲಿ ಒಂದು ಗಂಟು, ಹೆಗಲಿಗೆ ಸುತ್ತಿದ ಒಂದು ಹೊದೆಯುವ ಕೌದಿ. ಏಳು ತಿಂಗಳಲ್ಲಿ ಇನ್ನೂ ಸಣ್ಣಗಾಗಿದ್ದಳು. ವಚ್ಚಿ ಮೊದಲು ಗುರುತು ಹಿಡಿಯಲಿಲ್ಲ. ಅರ್ಧ ತಾಸಿನಲ್ಲಿ ಹಿಡಿದಳು. ಆಮೇಲೆ ಅಜ್ಜಿಯ ತೊಡೆ ಬಿಟ್ಟು ಇಳಿಯಲೇ ಇಲ್ಲ. ಅಜ್ಜಿ ಅನ್ನದ ಮುದ್ದೆ ಮಾಡಿ ಬಾಯಿಗೆ ಇಟ್ಟಳು, ಹಾಡಿದಳು. ನಾನು ಅಡುಗೆಯ ಕಡೆ ಕುಳಿತು ಎಳ್ಳಹೋಳಿಗೆ ಲಟ್ಟಿಸುತ್ತಿದ್ದೆ. ಎರಡು ಹೋಳಿಗೆ ಸೀದುಹೋದವು.

“ನಿನಗ ಏನಂತ ಕರೀತದ ಕೂಸು?” ಎಂದು ಅಜ್ಜಿ ಕೇಳಿದಳು.

ನಾನು ಏನಾದರೊಂದು ಸುಳ್ಳು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ವಚ್ಚಿ ನನ್ನ ಕಡೆ ಬೆರಳು ತೋರಿಸಿ “ಡಬ್ಬಿ” ಎಂದಳು.

ಅಜ್ಜಿ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದಳು: “ನಿಂದೇನೂ ತಪ್ಪಿಲ್ಲ ತಂಗಿ. ಕೂಸಿನ ಮೈ ತುಂಬೇತಿ, ನೀ ಚಂದಂಗ ನೋಡೀದಿ. ಆದ್ರ ಅದಕ್ಕ ನಿನ್ನ ಸಲಿಗಿ ಬಂದಿಲ್ಲ. ನಾಳಿ ನನ್ನ ಕೂಡ ಕರಕೊಂಡು ಹೋಗ್ತೀನಿ.”

ಇವರು ಸೂರಿನ ಕಡೆ ನೋಡುತ್ತಾ ಕುಳಿತರು. ಕಾರ್ಖಾನೆಯಲ್ಲಿ ಎಂಥ ಕೆಟ್ಟ ಮಷೀನನ್ನೂ ನೆಟ್ಟಗೆ ಮಾಡುತ್ತಿದ್ದವರಿಗೆ ಈ ಮಾತಿಗೆ ಏನು ಮಾಡಬೇಕೆಂದು ತೋಚಲಿಲ್ಲ. “ಕರಿ ಎರದ ಮ್ಯಾಲೆ ಹೋಗ್ರಿ ಅವ್ವಾರ” ಎಂದೆ.

ಮರುದಿನ ಕರಿ ಅಂಗಿ ತೊಡಿಸಿ, ಒಡವೆಯ ಬುಟ್ಟಿ ತೆಗೆದು ನೋಡಿದೆ. ಬಳೆಗಳು ಬೆವರುತ್ತಿದ್ದವು. ಮುಳ್ಳುಗಳೆಲ್ಲ ಕರಗಿ ನುಣ್ಣಗಾಗಿ, ಕಿರೀಟ ಸರಕ್ಕೆ ಅಂಟಿ, ಸರ ಸೊಂಟಪಟ್ಟಿಗೆ ಅಂಟಿ, ಒಂದು ಮುದ್ದೆಯಾಗಿತ್ತು. ಹತ್ತು ದಿನ ಚಳಿ ಕುಡಿಯಲಿ ಎಂದು ಇಟ್ಟದ್ದು ಖಾಡಿಯ ನೀರು ಕುಡಿದಿತ್ತು. ಗಾಬರಿಯಲ್ಲಿ ಶೇಗಡಿಯ ಮೇಲೆ ಹಿಡಿದು ಒಣಗಿಸಲು ಹೋದೆ. ಅದು ಇನ್ನಷ್ಟು ಕರಗಿ ಮೊಣಕೈವರೆಗೆ ಇಳಿಯಿತು. ಬಾಗಿಲಲ್ಲಿ ಸೀತಕ್ಕ ನಿಂತಿದ್ದರು. ‘ನಾನು ಹೇಳ್ಲಿಲ್ವಾ’ ಎಂದು ಅವರು ಅನ್ನಲಿಲ್ಲ. ಅದಕ್ಕಾಗಿ ಅವರನ್ನು ಇಂದಿಗೂ ನೆನೆಯುತ್ತೇನೆ.

ಅಷ್ಟರಲ್ಲಿ ಚಾಳಿನ ಮಕ್ಕಳು ಬಂದು ಕುಳಿತಾಗಿತ್ತು. ಅಂಟುವುದೆಂದು ಗೊತ್ತಿದ್ದೂ, ಮುದ್ದೆಯಿಂದ ಉಳಿದಷ್ಟನ್ನು ಬಿಡಿಸಿ ತೊಡಿಸಿದೆ. ಯಾಕೆ ತೊಡಿಸಿದೆ ಎಂದು ಕೇಳಬೇಡಿ. ಮಗು ಹೇಗೂ ಹೋಗುತ್ತದೆ, ಒಂದು ಸಲ ನನ್ನ ಕೈಯ ಬಳೆ ಅದರ ಕೈಯಲ್ಲಿ ಕಾಣಲಿ ಎಂದಷ್ಟೇ. ಮಣೆಯ ಮೇಲೆ ಕೂರಿಸಿ, ಅಜ್ಜಿ ಮೊದಲ ಸೇರು ಸುರಿದಳು. ಬಾರಿಹಣ್ಣು ಉರುಳಿದವು, ಮಕ್ಕಳು ಮುಗಿಬಿದ್ದವು. ಚುರುಮುರಿ ಮಾತ್ರ ಕೆಳಗೆ ಬೀಳಲಿಲ್ಲ. ವಚ್ಚಿಯ ತಲೆಗೆ, ಕೊರಳಿಗೆ, ತೋಳಿಗೆ ಹತ್ತಿಕೊಂಡು ಕರಿ ಅಂಗಿ ಬೆಳ್ಳಗಾಯಿತು. ಮಕ್ಕಳು ಹೋ ಎಂದು ನಕ್ಕವು. ವಚ್ಚಿ ಕಿರೀಟ ಮುಟ್ಟಿ ನೋಡಿಕೊಂಡಳು. ಬೆರಳು ಅಂಟಿದವು. ಅವಳ ಮುಖ ಬಾಡಿದ್ದು ಕಂಡೆ, ಹತ್ತೂ ಬೆರಳು ಅಗಲವಾದದ್ದು ಕಂಡೆ, ಮುಂದಿನದು ನನಗೆ ಗೊತ್ತಿತ್ತು.

“ಬಾ ನನ್ನ ಬಂಗಾರಾ, ಬಾ ನನ್ನ ಕಡೆ” ಎಂದು ಅಜ್ಜಿ ಎರಡೂ ತೋಳು ಚಾಚಿದಳು.

ವಚ್ಚಿ ಮಣೆಯಿಂದ ಎದ್ದಳು. ಕೈ ಎರಡೂ ಮೇಲೆತ್ತಿಕೊಂಡೇ, ತುಟಿ ನಡುಗಿಸುತ್ತಾ, ಅಜ್ಜಿಯ ಚಾಚಿದ ತೋಳಿನ ಮುಂದಿನಿಂದ ಹಾದು, ಶೇಗಡಿಯ ಹತ್ತಿರ ನಿಂತಿದ್ದ ನನ್ನ ಕಡೆ ಬಂದಳು. ಬಂದು ನನ್ನ ಸೆರಗು ಹಿಡಿದು ಹೆಬ್ಬೆರಳು ಒರೆಸಿಕೊಂಡಳು. ಆಮೇಲೆ ತೋರುಬೆರಳು. ಆಮೇಲೆ ನಡುವಿನ ಬೆರಳು. ಕಿರುಬೆರಳು ಮುಗಿದ ಮೇಲೆ ಇನ್ನೊಂದು ಕೈಯನ್ನು ನನ್ನ ಮುಂದೆ ಹಿಡಿದಳು, ಇದನ್ನು ನೀನು ಮಾಡು ಎನ್ನುವ ಹಾಗೆ. ನನ್ನ ಮುಖವನ್ನು ಒಮ್ಮೆಯೂ ನೋಡಲಿಲ್ಲ. ಕೈ ಒರೆಸುವ ಬಟ್ಟೆಯ ಮುಖವನ್ನು ಯಾರು ನೋಡುತ್ತಾರೆ? ನಾನು ಕುಕ್ಕರಗಾಲಲ್ಲಿ ಕುಳಿತು ಐದೂ ಬೆರಳು ಒರೆಸಿದೆ. ಅಳು ಬರಲೇ ಇಲ್ಲ ಅವಳಿಗೆ. ತಿರುಗಿ ಹೋಗಿ ಮಣೆಯ ಮೇಲೆ ಕುಳಿತು, “ಇನ್ನ ಹಾಕು” ಎಂದಳು.

ಮತ್ತೆ ಸುರಿದರು, ಮತ್ತೆ ಅಂಟಿತು, ಮತ್ತೆ ಎದ್ದು ಬಂದಳು. ಹೀಗೆ ಮೂರು ಸಲ. ಅಜ್ಜಿಯ ತೋಳು ಮೊದಲ ಸಲ ಸ್ವಲ್ಪ ಹೊತ್ತು ಚಾಚಿದ್ದು ಚಾಚಿದಂತೆಯೇ ಇತ್ತು. ಎರಡನೆಯ ಸಲ ಅವಳು ಚಾಚಲಿಲ್ಲ. ನೆಲದ ಮೇಲಿನ ಚುರುಮುರಿಯನ್ನು ಒಂದೊಂದಾಗಿ ಆರಿಸಿ ಸೇರಿಗೆ ಹಾಕುತ್ತಾ ಕುಳಿತಳು. ಗೆದ್ದೆನೆಂದು ನನಗೆ ಹಿಗ್ಗು ಬರಬೇಕಿತ್ತು. ಅವಳ ಬಗ್ಗಿದ ಬೆನ್ನು ನೋಡಿ ಹಿಗ್ಗಲು ಆಗಲಿಲ್ಲ.

ಏಳು ತಿಂಗಳು ನಾನು ಡಬ್ಬಿ, ಗಾಡಿ, ಗುಬ್ಬಿ, ಗಿರಗಟ್ಟಲೆ ಎಂದು ಹೆಣಗಿದ್ದೆ. ಅವೇ ಆಟ ಎಂದು ತಿಳಿದಿದ್ದೆ. ಪ್ರತಿಯೊಂದೂ ಕೆಟ್ಟಾಗ, ಸೋತೆ ಎಂದುಕೊಂಡು ಕೈ ಒರೆಸುತ್ತಿದ್ದೆನಲ್ಲ, ಮಗು ಹಿಡಿದುಕೊಂಡದ್ದು ಅದನ್ನು. ನಾನು ಕಲಿಸಬೇಕೆಂದದ್ದು ಒಂದೂ ಅವಳು ಕಲಿಯಲಿಲ್ಲ. ನಾನು ಕಲಿಸುತ್ತಿದ್ದೇನೆಂದು ನನಗೇ ಗೊತ್ತಿಲ್ಲದ್ದನ್ನು ಪೂರ್ತಿ ಕಲಿತಿದ್ದಳು.

ಮಕ್ಕಳೆಲ್ಲ ಹೋದ ಮೇಲೆ ಅಜ್ಜಿಯ ಮುಂದೆ ಒಂದು ತಟ್ಟೆ ಅವಲಕ್ಕಿ ಇಟ್ಟೆ. ಅವಳು ತಿನ್ನಲಿಲ್ಲ. ತಾನು ತಂದ ಕೌದಿಯನ್ನು ಎಳೆದುಕೊಂಡು ಬಿಚ್ಚಿ ನೆಲದ ಮೇಲೆ ಹಾಸಿದಳು. ಕೆಂಪು, ಹಸಿರು, ಗಿಣಿಬಣ್ಣ, ಕಂದುಬಣ್ಣದ ತುಂಡುಗಳು, ಸಣ್ಣ ಸಣ್ಣ ಹೊಲಿಗೆ. ವಚ್ಚಿ ಅದರ ಮೇಲೆ ಕುಳಿತು ಒಂದೊಂದು ತುಂಡನ್ನೂ ಬೆರಳಿನಿಂದ ಸವರುತ್ತಿದ್ದಳು. ರೇಷ್ಮೆಯದು ಬಂದಾಗ ಎರಡು ಸಲ ಸವರಿದಳು.

“ಎಲ್ಲಾ ಗಂಗೀ ಸೀರೀನ” ಎಂದಳು ಅಜ್ಜಿ. “ಗಾಡ್ಯಾಗ ಕೂಸಿಗೆ ಥಂಡಿ ಆಗ್ತೈತಂತ ಏಳು ತಿಂಗಳು ಕುಂತು ಹೊಲದೆ.”

ನನ್ನ ಹಾಗೆ ಅವಳೂ ಏಳು ತಿಂಗಳು ಇದೇ ಮಗುವಿಗಾಗಿ ಕೈಕೆಲಸ ಮಾಡುತ್ತಾ ಕುಳಿತಿದ್ದಳು.

“ನೀ ಉಟ್ಟ ಸೀರಿ ಸೆರಗು ಇತ್ತಾಗ ತಾ” ಎಂದಳು.

“ಅಂಟ ಆಗೇತ್ರಿ ಅವ್ವಾರ. ತೊಳದ ಕೊಡ್ತೀನಿ.”

“ತೊಳೀಬ್ಯಾಡ.”

ಗಂಟಿನಿಂದ ಕತ್ತರಿ ತೆಗೆದು, ಕೂಸು ಕೈ ಒರೆಸಿದ ಜಾಗದಲ್ಲೇ ಒಂದು ಅಂಗೈಯಗಲ ತುಂಡು ಕತ್ತರಿಸಿಕೊಂಡಳು. ಮದುವೆಯಲ್ಲಿ ಕೊಟ್ಟ ಸೀರೆ. ನಾನು ಬೇಡ ಎನ್ನಲಿಲ್ಲ. ಕಿಟಕಿಯ ಬೆಳಕಿಗೆ ಕೌದಿ ಹಿಡಿದು, ಗಂಗಾಳ ಗಿಣಿಬಣ್ಣದ ಸೀರೆಯ ಪಕ್ಕಕ್ಕೆ ಆ ತುಂಡನ್ನು ಇಟ್ಟು ಹೊಲಿಯತೊಡಗಿದಳು. ಸೂಜಿ ಸಕ್ಕರೆಗೆ ಅಂಟಿ ಅಂಟಿ ಬರುತ್ತಿತ್ತು. ಅವಳು ಮತ್ತೆ ಮತ್ತೆ ಸೂಜಿ ಒರೆಸಿಕೊಂಡು ಹೊಲಿದಳು. ನಾನು ಎದುರಿಗೆ ಕುಳಿತು ಅತ್ತೆ, ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ.

ದಾರ ಹಲ್ಲಿನಿಂದ ಕಡಿದು, ಕೌದಿಯನ್ನು ಮಡಿಸಿ ನನ್ನ ಉಡಿಗೆ ಇಟ್ಟಳು.

“ಗಂಗೀ ಸೀರಿ ಮಗ್ಗಲದಾಗ ಹಚ್ಚೀನಿ ನೋಡವಾ. ಇಬ್ಬರೂ ಕೂಡೇ ಹೊಚ್ಚ್ರಿ ಕೂಸಿಗೆ.”

ಮರುದಿನ ಬೋರಿಬಂದರ್ ಸ್ಟೇಷನ್ನಿನಲ್ಲಿ ಅಜ್ಜಿ ಒಬ್ಬಳೇ ಗಾಡಿ ಹತ್ತಿದಳು.